ಹಲ್ಲಾಗ ಹುಳ ಇರಂಗಿಲ್ಲ

ಬಿಳಿ ಗೆರೆ ಇರಬೇಕಾದ ಕಡೆ ಬಿಳಿ ಗೆರೆ ಇರಲಿಲ್ಲ. ಸಿದ್ದಲಿಂಗೇಶ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ, ತಪ್ಪು ಕನ್ನಡಕದ್ದಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಮಾರೆಮ್ಮನ ಕೆಳದವಡೆಯ ಹಲ್ಲು ಅಂಗೈಯಗಲವಾಗಿ ನಿಂತಿತ್ತು. ಮೇಲೆ ಕ್ಯಾಪು, ಅದರಡಿ ಒಂದಿಷ್ಟು ಸಿಮೆಂಟು, ಅದರಡಿ ಎರಡು ಬೇರು, ಬೇರಿನೊಳಗೆ ಮೂರು ಕಪ್ಪು ದಾರಿ. ಹದಿನೈದು ವರ್ಷದ ಹಿಂದೆ ಅವನೇ ರೂಟ್ ಕೆನಾಲ್ ಮಾಡಿದ ಹಲ್ಲು. ಆ ಮೂರು ದಾರಿಯನ್ನೂ ತುದಿಯವರೆಗೆ ತುಂಬಿದ್ದೇ ಆಗಿದ್ದರೆ ಅವು ಎಕ್ಸ್‌ರೇಯಲ್ಲಿ ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಕಾಣಬೇಕಿತ್ತು. ಈಗ ಬರೀ ಕಪ್ಪು, ಬೇರಿನ ತುದಿಗೆ ಕಡಲೆಕಾಳಿನಷ್ಟು ಇನ್ನೊಂದು ಕಪ್ಪು, ಕೀವು ಕಟ್ಟಿದ ಜಾಗ. ತುಂಬಿದ್ದೇ ಆಗಿದ್ದರೆ ಎಂಬ ಮಾತು ತನ್ನ ತಲೆಗೆ ಎಲ್ಲಿಂದ ಬಂತು ಎಂದು ಅವನಿಗೆ ದಿಗಿಲಾಯಿತು. ತುಂಬದೆ ಮತ್ತೇನು? ಇಪ್ಪತ್ತಾರು ವರ್ಷದಿಂದ ಸಿಂಧನೂರಿನಲ್ಲಿ ಹಲ್ಲು ನೋಡುತ್ತಿರುವ ಡಾಕ್ಟರು, ದವಾಖಾನೆಯ ಗೋಡೆ ತುಂಬ ಸನ್ಮಾನದ ಫೋಟೋ, ಅಂಥವನು ಹಲ್ಲು ಕೊರೆದು ಖಾಲಿ ಬಿಟ್ಟು ಕಳಿಸುತ್ತಾನೆಯೆ? ಆದರೆ ಒಮ್ಮೆ ಕಳಿಸಿದ್ದ. ಒಬ್ಬಳನ್ನು. ಅವಳು ಯಾರೆಂದು ಅವನಿಗೆ ನೆನಪಿರಲಿಲ್ಲ.

“ಏನಾಗೇತ್ರಿ ಸಾಹೇಬ್ರ?” ಕುರ್ಚಿಯಲ್ಲಿ ಒರಗಿದ್ದ ಮಾರೆಮ್ಮ ಕೇಳಿದಳು. ಪಾಮನಕಲ್ಲೂರಿನವಳು, ಎರಡೆಕರೆ ಒಣಬೇಸಾಯದ ತೊಗರಿ, ಉಳಿದ ದಿನ ಕೂಲಿ. ಗುರುವಾರಕ್ಕೊಮ್ಮೆ ಡಾಕ್ಟರು ಮಸ್ಕಿಗೆ ಬರುತ್ತಾನೆಂದು ಗೊತ್ತಿದ್ದರೂ ನೋವು ಗುರುವಾರದವರೆಗೆ ಕಾಯಲಿಲ್ಲವೆಂದು ಸೋಮವಾರದ ಮೊದಲ ಬಸ್ಸಿಗೇ ಸಿಂಧನೂರಿಗೆ ಬಂದಿದ್ದಳು.

“ಸ್ವಲ್ಪ ಕೀವು ಆಗ್ಯಾದವ್ವ.”

“ತುಂಬಿದ ಹಲ್ಲಿಗೆ ಹೆಂಗ ಆತ್ರಿ?”

ಅವನು ಪರದೆಯ ಕಡೆ ತಿರುಗಿದ. ಮಾರೆಮ್ಮನ ಕಣ್ಣು ಅವನ ತಲೆಯ ಮೇಲಿನ ಬೋರ್ಡಿಗೆ ಹೋಯಿತು. ತುಟಿ ಅಲುಗಿಸುತ್ತ ಒಂದೊಂದೇ ಅಕ್ಷರ ಕೂಡಿಸಿದಳು. ಹದಿನೈದು ವರ್ಷದ ಹಿಂದೆ ಅವಳಿಗೆ ಓದಲು ಬರುತ್ತಿರಲಿಲ್ಲ. ಈಗ ಮಹಿಳಾ ಸಂಘದಲ್ಲಿ ಸಹಿ ಮಾಡುತ್ತ ಮಾಡುತ್ತ ಕಲಿತಿದ್ದಾಳೆ. ‘ಹಲ್ಲಾಗ ಹುಳ ಇರಂಗಿಲ್ಲ.’ ಹಳದಿ ಹಿನ್ನೆಲೆಗೆ ಕೆಂಪಕ್ಷರ. ಪುಸ್ತಕದ ಭಾಷೆಯಲ್ಲಿ ಬರೆದರೆ ಜನಕ್ಕೆ ನಾಟುವುದಿಲ್ಲವೆಂದು ಅವನೇ ಪೇಂಟರಿಗೆ ಕೂತು ಬರೆಸಿದ್ದು. ಸಿಂಧನೂರಿಗೊಂದು, ಮಂಗಳವಾರದ ಲಿಂಗಸುಗೂರಿಗೊಂದು, ಗುರುವಾರದ ಮಸ್ಕಿಗೊಂದು. ಆ ಬೋರ್ಡಿಗೆ ಕಾರಣಳಾದವಳೇ ಮಾರೆಮ್ಮ. ಅವಳು ಮೊದಲ ಸಲ ಮಸ್ಕಿಗೆ ಬಂದಾಗ ಸೆರಗಿನ ಗಂಟು ಬಿಚ್ಚಿ ಹತ್ತಿಯಲ್ಲಿ ಸುತ್ತಿದ ಮೂರು ಬಿಳಿಯ ಎಳೆ ತೋರಿಸಿದ್ದಳು. ಸಂತೆಯಲ್ಲಿ ಹುಳ ತೆಗೆಯುವವಳು ನೆಲಗುಳ್ಳದ ಬೀಜದ ಹೊಗೆ ಊದಿ ತೆಗೆದುಕೊಟ್ಟ ಹುಳ ಅವು. ಮೂರು ತೆಗೆದಿದ್ದಾಳೆ, ಇನ್ನೊಂದು ಒಳಗೆ ಉಳಿದಿದೆ, ಅದನ್ನು ನೀವು ತೆಗೀರಿ ಎಂದಿದ್ದಳು. ಸಿದ್ದಲಿಂಗೇಶ ಹೊರಗೆ ಕೂತವರನ್ನೆಲ್ಲ ಒಳಗೆ ಕರೆದು, ಬ್ಲೇಡಿನಿಂದ ಆ ಎಳೆಯನ್ನು ಸೀಳಿ, “ನೋಡ್ರಿ, ಹುಳ ಅಲ್ಲ, ಬೀಜದ ಮೊಳಕಿ. ಇದಕ್ಕ ಈಕಿ ರೊಕ್ಕ ಕೊಟ್ಟಾಳ” ಎಂದಿದ್ದ. ಜನ ನಕ್ಕಿದ್ದರು. ಮಾರೆಮ್ಮನೂ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಮೇಲೆ ಎಷ್ಟು ಹೇಳಿದರೂ ಸೆರಗು ಬಾಯಿಂದ ಇಳಿಯಲಿಲ್ಲ. “ಬಾಯಿ ತೆಗಿಯವ್ವ, ಬಾಯಿ ತೆಗಿ” ಎಂದು ಅವನು ಹತ್ತು ಸಲ ಅಂದದ್ದು ಈಗ ಇದ್ದಕ್ಕಿದ್ದಂತೆ ನೆನಪಾಗಿ ಕಿವಿ ಬಿಸಿಯಾಯಿತು.

“ಗುಳಿಗಿ ಕೊಡ್ತೀನಿ. ಗುರುವಾರ ಮಸ್ಕಿಗೆ ಬಾ, ನೋಡೂನು” ಎಂದ. ಅವಳು ಹೋದಮೇಲೂ ಪರದೆಯ ಮೇಲೆ ಹಲ್ಲು ಹಾಗೇ ಇತ್ತು. ಹದಿನೆಂಟು ವರ್ಷದಿಂದ ಜೊತೆಗಿರುವ ಸಹಾಯಕಿ ವಸೀಮಾ ಬಂದು ಅವನನ್ನೊಮ್ಮೆ ಪರದೆಯನ್ನೊಮ್ಮೆ ನೋಡಿ, ಉಪಕರಣ ತೊಳೆಯಲು ಹೋದಳು.

ಎರಡು ವಿಷಯಗಳಿದ್ದವು, ಎರಡೂ ಒಂದರೊಳಗೊಂದು ಸಿಕ್ಕಿಹಾಕಿಕೊಂಡಿದ್ದವು. ಮೊದಲನೆಯದು ಹೊಸ ಮಾಲು. ಹಲ್ಲಿನ ಬೇರಿಗೆ ಎಲ್ಲ ಡಾಕ್ಟರುಗಳೂ ತುಂಬುವುದು ಮರದ ಹಾಲಿನಿಂದ ಮಾಡಿದ ರಬ್ಬರಿನಂಥದನ್ನು. ಹೈದರಾಬಾದಿನ ಒಂದು ಸಮ್ಮೇಳನದಲ್ಲಿ ಟೈ ಕಟ್ಟಿದ ಹುಡುಗನೊಬ್ಬ ಇನ್ನು ರಬ್ಬರಿನ ಕಾಲ ಮುಗಿಯಿತು, ಈ ಪಾಲಿಮರ್ ಹಲ್ಲಿನ ಜೊತೆ ಒಂದೇ ತುಂಡಾಗಿ ಕೂಡಿಬಿಡುತ್ತದೆ, ಜೀವಮಾನದ ಚಿಂತೆ ಇಲ್ಲ ಎಂದಿದ್ದ. ಸಿದ್ದಲಿಂಗೇಶ ಕೊಂಡು ತಂದ. ರಾಯಚೂರು ಜಿಲ್ಲೆಗೆ ಮೊದಲು ತಂದವನು ತಾನೇ ಎಂದು ಹೇಳಿಕೊಂಡು ತಿರುಗಿದ. ಎರಡು ವರ್ಷ, ಐವತ್ತೆಂಟು ಜನ. ವಸೀಮಾ ಅವರದೇ ಒಂದು ನೋಟುಬುಕ್ಕು ಮಾಡಿ ಮೇಲೆ ‘ಹೊಸ ಮಾಲು’ ಎಂದು ಬರೆದಿದ್ದಳು. ಆಮೇಲೊಂದು ದಿನ ಅಂಚೆಯಲ್ಲಿ ಬಂದ ಪತ್ರಿಕೆಯಲ್ಲಿ ಓದಿದ: ಆ ಪಾಲಿಮರನ್ನು ಕಿಣ್ವಗಳು ಕತ್ತರಿಸುತ್ತವೆಯಂತೆ. ಬಾಯೊಳಗಿನ ಸೂಕ್ಷ್ಮಜೀವಿಗಳು ಬಿಡುವ ಕಿಣ್ವ, ಜೊಲ್ಲಿನಲ್ಲೇ ಇರುವ ಕಿಣ್ವ. ಸರಪಳಿಯ ಒಂದೊಂದೇ ಕೊಂಡಿ ಕಳಚುತ್ತ, ಗಟ್ಟಿಯಾಗಿದ್ದದ್ದು ಸವೆದು, ತೂಕ ಕಳೆದುಕೊಂಡು, ಕೊನೆಗೆ ಇಲ್ಲವಾಗುತ್ತದೆ. ಎರಡು ಸಲ ಓದಿದ. ಆ ಮಾಲು ಬಳಸುವುದನ್ನು ಅಂದಿಗೇ ಬಿಟ್ಟ. ಪತ್ರಿಕೆಯನ್ನು ಮೇಜಿನ ಕೆಳಗಿನ ಖಾನೆಯಲ್ಲಿ ಹಾಕಿ ಮೇಲೆ ಹಳೆಯ ಕ್ಯಾಲೆಂಡರ್ ಇಟ್ಟ. ಐವತ್ತೆಂಟು ಜನರಲ್ಲಿ ಒಬ್ಬರನ್ನೂ ಕರೆಯಲಿಲ್ಲ. ಪ್ರಯೋಗಶಾಲೆಯ ಬಟ್ಟಲಲ್ಲಿ ಆದದ್ದು ಬಾಯಲ್ಲಿ ಆಗಬೇಕೆಂದೇನಿದೆ ಎಂದು ತನಗೆ ತಾನೇ ಹೇಳಿಕೊಂಡ. ನಿಜ ಹೇಳಬೇಕೆಂದರೆ ಅವನಿಗೆ ನಾಚಿಕೆಯಾಗಿತ್ತು. ಹುಳ ಇಲ್ಲ ಎಂದು ಊರೂರಿಗೆ ಬೋರ್ಡು ಹಾಕಿಸಿದವನು, ನಿಮ್ಮ ಹಲ್ಲಿನಲ್ಲಿ ನಾನು ಇಟ್ಟದ್ದನ್ನು ಏನೋ ತಿನ್ನುತ್ತಿದೆ ಎಂದು ಯಾವ ಬಾಯಿಂದ ಹೇಳುವುದು?

ಎರಡನೆಯದು ಆ ಎರಡು ವರ್ಷದೊಳಗಿನ ಒಂದು ಮಧ್ಯಾಹ್ನ. ಹಲ್ಲಿನ ಹುಳದ ಮೂಢನಂಬಿಕೆ ಹೋಗಲಾಡಿಸಿದ್ದಕ್ಕೆ ಗೊರೇಬಾಳದ ಯುವಕ ಸಂಘದವರು ಅವನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಮೂರು ಗಂಟೆಗೆ ಕಾರ್ಯಕ್ರಮ, ಎರಡೂ ಮುಕ್ಕಾಲಿಗೆ ಕುರ್ಚಿಯಲ್ಲೊಬ್ಬ ಹೆಣ್ಣುಮಗಳು, ಬಾಯಿ ತೆರೆದುಕೊಂಡು. ದಾರಿಗಳನ್ನು ಕೊರೆದು ತೊಳೆದಾಗಿತ್ತು, ತುಂಬುವುದೊಂದೇ ಬಾಕಿ. ಕರೆಂಟು ಹೋಯಿತು. ವಸೀಮಾ ತಂಗಿಯ ಮದುವೆಗೆಂದು ರಜೆಯಲ್ಲಿದ್ದಳು. ಹೊರಗೆ ಎರಡು ಬೈಕು ತಂದು ನಿಲ್ಲಿಸಿಕೊಂಡು ಹುಡುಗರು ಹಾರ್ನು ಹೊಡೆಯುತ್ತಿದ್ದರು. ಅವನು ಹಲ್ಲಿನ ಮೇಲುಬಾಯಿಗೆ ಸಿಮೆಂಟು ಬಳಿದು, “ಮುಗೀತವ್ವ, ಹೋಗಿ ಬಾ” ಎಂದುಬಿಟ್ಟ. ಕ್ಯಾಪು ಹಾಕಿಸಲು ಬರುತ್ತಾಳಲ್ಲ, ಆಗ ಬಿಚ್ಚಿ ತುಂಬಿದರಾಯಿತು ಎಂದು ಲೆಕ್ಕ ಹಾಕಿದ್ದ. ಬಂದಳೋ, ಬರಲಿಲ್ಲವೋ, ಬಂದಾಗ ತಾನು ಮರೆತನೋ. ಮರುವಾರ ವಸೀಮಾ ತಾನಿಲ್ಲದ ದಿನಗಳ ರೋಗಿಗಳ ಹೆಸರು ಹೇಳುತ್ತ ಹೇಳುತ್ತ ಅದೇ ‘ಹೊಸ ಮಾಲು’ ನೋಟುಬುಕ್ಕು ತುಂಬಿಸಿದಳು, ಅವನು ಎಲ್ಲಕ್ಕೂ ಹ್ಞೂಂ ಎಂದ. ಶಾಲಿನ ಬಣ್ಣ ನೆನಪಿದೆ, ಕೇಸರಿ, ಅಂಚಿಗೆ ಹಸಿರು. ಹೆಣ್ಣುಮಗಳ ಮುಖ ನೆನಪಿಲ್ಲ. ಡಾಕ್ಟರ ಹಣೆಬರಹವೇ ಅದು, ಬಾಯಿ ನೋಡಿದರೆ ಗುರುತು ಹಿಡಿಯುತ್ತಾನೆ, ಮುಖ ನೋಡಿದರೆ ಯಾರೋ ಅನ್ನುತ್ತಾನೆ. ಕುರ್ಚಿಯ ತೋಳನ್ನು ಹಿಡಿದಿದ್ದ ಹಚ್ಚೆಯ ಕೈ, ಹಸಿರು ಬಳೆ, ಕಿಟಕಿಯಲ್ಲಿ ಒಂದು ಬೇವಿನ ಮರ, ಇಷ್ಟೇ ಉಳಿದಿತ್ತು. ಹಚ್ಚೆ ಮಾರೆಮ್ಮನ ಕೈಮೇಲೂ ಇದೆ. ಈ ಕಡೆ ಯಾವ ಹೆಂಗಸಿನ ಕೈಮೇಲಿಲ್ಲ?

ಮಂಗಳವಾರ ಲಿಂಗಸುಗೂರಿನಲ್ಲಿ ಅವನು ರೋಗಿಗಳನ್ನು ಹೊರಗೆ ಕೂರಿಸಿ ಕಿಟಕಿಯ ಹತ್ತಿರ ನಿಂತ. ಕೋಣೆಯ ಮಾಲೀಕ ಹಸನ್‌ಸಾಬ್ ಚಹಾ ಹಿಡಿದು ಬಂದವನು ಡಾಕ್ಟರು ಹೊರಗೆ ಬಗ್ಗಿ ನೋಡುತ್ತಿದ್ದದ್ದು ಕಂಡು ತಾನೂ ಬಗ್ಗಿದ.

“ಏನ್ರೀ ಡಾಕ್ಟ್ರೇ, ಏನರ ಬಿತ್ತೇನು?”

“ಇಲ್ಲಿ ಬೇವಿನ ಗಿಡ ಇತ್ತೇನ್ರೀ, ಮೊದ್ಲು?”

“ನಮ್ಮ ಅಬ್ಬಾನ ಕಾಲದಿಂದ ಹುಣಸಿ ಗಿಡಾನ ಐತ್ರಿ. ಬೇವು ಎಲ್ಲೀದು?” ಎಂದು ಹಸನ್‌ಸಾಬ್ ಅವನ ಮುಖವನ್ನು ಹೆಚ್ಚು ಹೊತ್ತೇ ನೋಡಿದ. “ಆರಾಮ ಅದೀರಿಲ್ಲ?”

ಆರಾಮಿಲ್ಲ ಎನ್ನಲು ಏನೂ ಆಗಿರಲಿಲ್ಲ. ಅಂದು ಹನ್ನೊಂದು ಹಲ್ಲು ನೋಡಿದ, ಎರಡು ಕಿತ್ತ. ಪ್ರತಿಯೊಬ್ಬರ ಬಾಯಲ್ಲೂ ತಾನು ಮೊದಲು ತುಂಬಿದ್ದೇನಾದರೂ ಇದೆಯೇ ಎಂದು ಹುಡುಕಿದ. ಸಿಂಧನೂರಿನ ಕಿಟಕಿಗೆ ರಸ್ತೆ ಬಿಟ್ಟರೆ ಏನೂ ಕಾಣದು; ಲಿಂಗಸುಗೂರೂ ಅಲ್ಲ ಅಂದಮೇಲೆ ಮಸ್ಕಿಯೇ ಇರಬೇಕು, ಮಸ್ಕಿ ಎಂದಮೇಲೆ ಮಾರೆಮ್ಮನೇ ಇರಬೇಕು. ಮಸ್ಕಿಯ ಕೋಣೆಯ ಕಿಟಕಿಗೆ ಕಾಣುವುದು ಬಂಡೆಗಳ ಬೆಟ್ಟ ಎಂದು ಅವನಿಗೆ ಗೊತ್ತಿತ್ತು. ಆದರೆ ಮರವನ್ನು ಯಾರಾದರೂ ಕಡಿಯಬಹುದು, ಬೆಟ್ಟದ ಎದುರಿನ ಮರವನ್ನೂ ಕಡಿಯಬಹುದು. ವಿಚಿತ್ರವೆಂದರೆ ಹಾಗೆ ಅಂದುಕೊಂಡಮೇಲೆ ಅವನಿಗೆ ನಿರಾಳವೂ ಆಯಿತು; ತಪ್ಪು ಒಂದೇ ಹಲ್ಲಿನದಾದರೆ ಉಳಿದ ಐವತ್ತೇಳರ ಮಾತೇ ಬರುವುದಿಲ್ಲ. ಬುಧವಾರ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ರೇಣುಕಾದೇವಿ, “ಯಾಕ, ರೊಟ್ಟಿ ಬಾಯಾಗ ಇಟ್ಕೊಂಡು ಕುಂತೀರಿ?” ಎಂದಳು. ಅವನು ಅಗಿಯುವುದನ್ನು ಬಿಟ್ಟು ರೊಟ್ಟಿಯ ತುತ್ತು ನಾಲಿಗೆಯ ಮೇಲೆ ಸಿಹಿಯಾಗುವುದನ್ನು ಕಾಯುತ್ತಿದ್ದ. ಶಾಲೆಗಳ ಶಿಬಿರದಲ್ಲಿ ಮಕ್ಕಳಿಗೆ ಇದನ್ನೇ ಮಾಡಿಸುತ್ತಿದ್ದ: ನುಂಗಬೇಡಿ, ಇಟ್ಟುಕೊಳ್ಳಿ, ಸಿಹಿ ಆಯಿತೆ, ಅದು ಜೊಲ್ಲಿನೊಳಗಿನ ಕಿಣ್ವದ ಕೆಲಸ. ಮಕ್ಕಳು ಕಣ್ಣರಳಿಸುತ್ತಿದ್ದರು. ರೊಟ್ಟಿ ಸಿಹಿಯಾಯಿತು, ನುಂಗಲು ಮನಸ್ಸಾಗಲಿಲ್ಲ.

ಗುರುವಾರ ಕಾರಿನಲ್ಲಿ ಹಿಂದೆ ಕೂತಿದ್ದ ವಸೀಮಾಗೆ ಅವನು ‘ಹೊಸ ಮಾಲು’ ನೋಟುಬುಕ್ಕು ತರಲು ಹೇಳಿದ್ದ; ಯಾಕೆಂದು ಹೇಳಿರಲಿಲ್ಲ. ಸಿಂಧನೂರು ದಾಟಿ ಎರಡೂ ಕಡೆಯ ಭತ್ತದ ಹಸಿರು ಮುಗಿದು ಕೆಂಪುನೆಲ ಶುರುವಾಯಿತು. ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಮಾರೆಮ್ಮ ಆಗಲೇ ಬಂದು ಕೂತಿದ್ದಳು. ಅವನು ಮೊದಲು ಕಿಟಕಿ ನೋಡಿದ. ಬೆಟ್ಟ, ಬಂಡೆ, ನೀರಿನ ಟ್ಯಾಂಕು. “ಬಾಯಿ ತೆಗಿಯವ್ವ” ಎಂದ. ಕ್ಯಾಪು ತೆಗೆದು ಒಳಗೆ ಸಣ್ಣ ಸೂಜಿ ಇಳಿಸಿದ. ಎಲ್ಲೂ ತಡೆಯಿಲ್ಲದೆ ಸೂಜಿ ತುದಿಯವರೆಗೆ ಜಾರಿತು, ಒಂದರಲ್ಲಿ, ಇನ್ನೊಂದರಲ್ಲಿ, ಮೂರನೆಯದರಲ್ಲೂ. ಹೊರಗೆ ಎಳೆದಾಗ ಸೂಜಿಗೆ ಒಂದಿಷ್ಟು ಕಂದು ಲೋಳೆ ಅಂಟಿತ್ತು. ಅದು ಕರಗಿದ ಮಾಲೂ ಇರಬಹುದು, ಬರೀ ಕೀವೂ ಇರಬಹುದು. ಅವನು ಅದನ್ನು ಬಿಳಿ ಹತ್ತಿಗೆ ಒರೆಸಿ, ಹತ್ತಿಯನ್ನು ಹಿಡಿದುಕೊಂಡು ನಿಂತ. ಹದಿನೈದು ವರ್ಷದ ಹಿಂದೆ ಅವಳು ತೋರಿಸಿದ್ದೂ ಇಂಥದೇ ಹತ್ತಿಯನ್ನು.

“ಮಾರೆಮ್ಮ, ನಿನಗ ಒಂದು ಮಾತು ಹೇಳಬೇಕು” ಎಂದ. “ಅವತ್ತ ನಾ ನಿನ್ನ ಹಲ್ಲು ತುಂಬಲೇ ಇಲ್ಲ. ಕೊರದು, ಮ್ಯಾಲ ಸಿಮೆಂಟ್ ಬಳದು, ಮುಗೀತು ಅಂತ ಕಳಿಸಿದೆ. ಕರೆಂಟ್ ಹೋಗಿತ್ತು, ನನಗ ಗಡಿಬಿಡಿ ಇತ್ತು. ಸನ್ಮಾನಕ್ಕ ಹೊಂಟಿದ್ದೆ. ತಪ್ಪು ನಂದು.”

ಎಷ್ಟು ಸರಾಗವಾಗಿ ಬಂತು ಮಾತು ಎಂದು ಅವನಿಗೇ ಆಶ್ಚರ್ಯ. ನೀರು ತುಂಬಿದ್ದ ಕೊಡ ಇಳಿಸಿದಷ್ಟು ಹಗುರಾಗಿ, ಅವಳು ಬೈಯಲಿ, ಅಳಲಿ, ನಾಲ್ಕು ಜನರನ್ನು ಕರೆದುಕೊಂಡು ಬರಲಿ ಎಂದು ಕಾದ. ಮೂಲೆಯಲ್ಲಿ ವಸೀಮಾ ಕೈಯ ಕೆಲಸ ನಿಲ್ಲಿಸಿದಳು. ಮಾರೆಮ್ಮ ಬಾಯೊಳಗಿನ ಹತ್ತಿಯನ್ನು ನಾಲಿಗೆಯಿಂದ ಬದಿಗೆ ತಳ್ಳಿ, ಹುಬ್ಬು ಗಂಟಿಕ್ಕಿ ಅವನನ್ನು ನೋಡಿದಳು.

“ಯಾರ ಹಲ್ಲ ಬಗ್ಗೆ ಹೇಳಾಕತ್ತೀರಿ ಸಾಹೇಬ್ರ?”

“ನಿಂದ.”

“ನಂದು ತುಂಬೀರಿ” ಎಂದಳು, ಸುಳ್ಳು ಹೇಳುವ ಮಗುವಿಗೆ ಹೇಳಿದಂತೆ. ಸೊಂಟದ ಸಂಚಿಯಿಂದ ಮಾಸಿದ ಕಂದು ಲಕೋಟೆ ತೆಗೆದು ಅದರೊಳಗಿನ ಎರಡು ಬೆರಳಗಲದ ಹಳೆಯ ಎಕ್ಸ್‌ರೇ ಫಿಲಂ ಅವನ ಕೈಗಿಟ್ಟಳು. “ಅವತ್ತ ನೀವ ಕೊಟ್ಟಿದ್ರಿ. ರೇಷನ್ ಕಾರ್ಡಿನ ಜೋಡಿ ಟ್ರಂಕಿನ್ಯಾಗ ಇಟ್ಟೀನಿ. ಹರೇದಾಗಿನ ನನ್ನ ಫೋಟೋ ಅಂದ್ರ ಇದೊಂದ ಐತಿ.”

ಅವನು ಫಿಲಮನ್ನು ಕಿಟಕಿಗೆ ಹಿಡಿದ. ಬೆಟ್ಟದ ಮೇಲಿನ ಬೆಳಕಿನಲ್ಲಿ ಮೂರು ಬಿಳಿ ಗೆರೆ. ಮೂರೂ ತುದಿಯವರೆಗೆ, ಎಲ್ಲೂ ಸಡಿಲವಿಲ್ಲದೆ, ಎಲ್ಲೂ ಹೆಚ್ಚಿಲ್ಲದೆ. ಕೈಚಳಕದ ಕೆಲಸ. ಒಂದು ಗಳಿಗೆ ಅವನಿಗೆ ಹೆಮ್ಮೆಯೇ ಆಯಿತು, ಆಮೇಲೆ ಆ ಹೆಮ್ಮೆಗೆ ನಾಚಿಕೆಯಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಅನ್ನುವ ಮೊದಲೇ ಮುಟ್ಟಿಕೊಂಡಿದ್ದ, ಅದೂ ಬೇರೆ ಯಾರದೋ ಎದುರಿಗೆ.

“ನೀವ ಹೇಳಿದ್ರಿ” ಮಾರೆಮ್ಮ ಮುಂದುವರಿಸಿದಳು. “ಮೂರು ಕೆನಾಲ್ ಲೈನಿಂಗ್ ಮಾಡೀನಿ, ಇನ್ನ ಸೋರಂಗಿಲ್ಲ ಅಂತ. ಊರಿಗೆ ಹೋಗಿ ಹೇಳಿದೆ, ನಮ್ಮೂರ ಹೊಲಕ್ಕ ಬರಲಾರದ ಕೆನಾಲ್ ನನ್ನ ಹಲ್ಲಿಗೆ ಬಂತು ಅಂತ. ಎಲ್ಲಾರೂ ನಕ್ಕರು. ಮತ್ತ ತುಂಬಿದ್ದು ಎಲ್ಲಿಗೆ ಹೋತ್ರಿ?”

ಅವನು ಸ್ಟೂಲಿನ ಮೇಲೆ ಕೂತ. ರೊಟ್ಟಿ ಬಾಯಲ್ಲಿಟ್ಟುಕೊಂಡರೆ ಸಿಹಿಯಾಗುವುದರಿಂದ ಶುರುಮಾಡಿದ. ಕ್ಯಾಪಿನ ಅಂಚು ಸವೆದು ಜೊಲ್ಲು ಒಳಗೆ ಇಳಿದದ್ದು, ಕಣ್ಣಿಗೆ ಕಾಣದ ಜೀವಿಗಳು ಕಿಣ್ವ ಬಿಟ್ಟದ್ದು, ಆ ಮಾಲು ಕೊಂಡಿ ಕೊಂಡಿಯಾಗಿ ಕಳಚಿ ಕರಗಿದ್ದು, ಇದು ತನಗೆ ಹತ್ತು ಹನ್ನೆರಡು ವರ್ಷದಿಂದ ಗೊತ್ತಿದ್ದದ್ದು, ಹೇಳದೆ ಉಳಿದದ್ದು. ಕೊನೆಯದನ್ನು ಹೇಳುವಾಗ ದನಿ ಸಣ್ಣದಾಯಿತು. ಮಾರೆಮ್ಮ ಪೂರ್ತಿ ಕೇಳಿದಳು.

“ಅಂದ್ರ ಜೀವ ಇದ್ದದ್ದು, ಕಣ್ಣಿಗೆ ಕಾಣಲಾರದ್ದು, ಒಳಗ ಕುಂತು ತಿಂತು” ಎಂದಳು.

“ಹ್ಞೂಂ.”

“ಹುಳ ಅನ್ರಿ ಮತ್ತ.”

ಅವನ ಕಣ್ಣು ಗೋಡೆಗೆ ಹೋಯಿತು. ಇಲ್ಲಿಯ ಬೋರ್ಡಿನ ಹಳದಿ ಮಾಸಿತ್ತು, ಕೆಂಪು ಮಾಸಿರಲಿಲ್ಲ. ಹುಳ ಅಲ್ಲ ಎಂದು ಹೇಳಲು ಅವನ ಹತ್ತಿರ ಬೇಕಾದಷ್ಟು ಮಾತಿತ್ತು. ಅವಳನ್ನು ನಗೆಪಾಟಲು ಮಾಡಿದ ಆ ದಿನವೂ ಇತ್ತು. ಮಾರೆಮ್ಮನಿಗೆ ಗೆದ್ದ ಸಂತೋಷವೇನೂ ಇದ್ದಂತೆ ಕಾಣಲಿಲ್ಲ. ಅವಳು ಬೇರೇನೋ ಯೋಚಿಸುತ್ತಿದ್ದಳು.

“ನಂದು ತುಂಬಿದ್ರಿ. ಹಂಗಾದ್ರ ತುಂಬಲಾರದಾಕಿ ಯಾರ್ರೀ?”

ಅದೇ ಪ್ರಶ್ನೆ ಈಗ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತ್ತು. ಮಾರೆಮ್ಮನ ಹಲ್ಲಿನ ಮಾಲು ಕರಗಿದೆ ಅಂದಮೇಲೆ ಉಳಿದವರದೂ ಕರಗಿರುತ್ತದೆ. ಐವತ್ತೆಂಟು ಬಾಯನ್ನು ಸಾಲಾಗಿ ನಿಲ್ಲಿಸಿ ಎಕ್ಸ್‌ರೇ ತೆಗೆದರೂ ಐವತ್ತೆಂಟೂ ಖಾಲಿ ಕಂಡರೆ, ತಿಂದದ್ದು ಯಾವುದು, ತುಂಬದೆ ಬಿಟ್ಟದ್ದು ಯಾವುದು? ವಸೀಮಾ ನೋಟುಬುಕ್ಕು ತೆಗೆದು ಅವನ ಮುಂದೆ ಇಟ್ಟಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಸಿಟ್ಟೂ ಬಂದಿತ್ತು, ಅದು ನೋಟುಬುಕ್ಕು ಇಟ್ಟ ಸಪ್ಪಳದಲ್ಲಿ ಗೊತ್ತಾಯಿತು.

“ಅವತ್ತ ಕರೆಂಟ್ ಇರ್ಲಿಲ್ಲ ಅಂತೀರಿ ಸರ್. ಕರೆಂಟ್ ಇಲ್ದ ಫಿಲಂ ಹೆಂಗ ತೆಗೀತೀರಿ? ತುಂಬಿದವ್ರಿಗೆಲ್ಲಾ ಫೋಟೋ ಕೊಡ್ತಿದ್ವಿ. ಯಾರ ಹಂತ್ಯಾಕ ಇಲ್ಲೋ ಆಕೀನ.”

ಹದಿನೈದು ವರ್ಷದಲ್ಲಿ ಇಷ್ಟು ಸಣ್ಣ ವಿಷಯ ತನಗೆ ಹೊಳೆದಿರಲಿಲ್ಲವೋ, ಹೊಳೆಯಲು ತಾನು ಬಿಟ್ಟಿರಲಿಲ್ಲವೋ. ವಸೀಮಾ ಮೊಬೈಲು ತೆಗೆದು ಮೊದಲ ನಂಬರು ಒತ್ತಿ ಸ್ಪೀಕರಿಗೆ ಹಾಕಿದಳು. ಆ ನಂಬರು ಚಾಲ್ತಿಯಲ್ಲಿರಲಿಲ್ಲ. ಎರಡನೆಯದನ್ನು ಕೊಪ್ಪಳದ ಯಾರೋ ಎತ್ತಿದರು. ಮೂರನೆಯವರು ತೀರಿಹೋಗಿದ್ದರು, ಮಗ ಮಾತಾಡಿದ. ನಾಲ್ಕನೆಯವಳು ಹಲ್ಲು ಎಂದೋ ಕಿತ್ತಿಸಿದೆ ಎಂದಳು, ಫೋಟೋ ಕೊಟ್ಟಿದ್ದಿರಿ, ಮಕ್ಕಳು ಆಡಿ ಕಳೆದವು ಎಂದಳು. ಇನ್ನೆರಡು ನಂಬರು ಹತ್ತಲೇ ಇಲ್ಲ. ಮಾರೆಮ್ಮ ಕುರ್ಚಿಯಿಂದ ಏಳಲಿಲ್ಲ. ಅವಳ ಹಲ್ಲು ತೆರೆದೇ ಇತ್ತು, ಅವಳಿಗೂ ಇದು ತನ್ನದೇ ಕೆಲಸ ಅನ್ನಿಸಿಬಿಟ್ಟಿತ್ತು. ಏಳನೆಯ ಹೆಸರು ವಳಕಮದಿನ್ನಿಯ ಅಮರೇಶ್ವರಿ.

“ಹ್ಞಾಂ, ನಾನೇ ಅಮರೇಶ್ವರಿ. ಯಾರ್ರೀ?” ಆ ಕಡೆ ಗದ್ದೆಯಲ್ಲಿ ಟ್ರ್ಯಾಕ್ಟರಿನ ಸದ್ದು.

“ನಾ ಹಲ್ಲಿನ ಡಾಕ್ಟರವ್ವ, ಸಿದ್ದಲಿಂಗೇಶ. ಭಾಳ ವರ್ಷದ ಹಿಂದ ನಿಂದೊಂದು ಹಲ್ಲು ಮಾಡಿದ್ನಿ. ಅವತ್ತ ಹಲ್ಲಿನ ಫೋಟೋ ಕೊಟ್ಟಿದ್ನೇನು?”

“ಫೋಟೋ ಎಲ್ಲಿ ಕೊಟ್ರಿ? ಕರೆಂಟ್ ಇಲ್ಲ ಅಂದ್ರಿ. ಹೊರಗ ಹುಡುಗ್ರು ಹಾರ್ನ್ ಹೊಡ್ಯಾಕತ್ತಿದ್ರು, ನೀವು ಭಾಳ ಗಡಿಬಿಡ್ಯಾಗ ಇದ್ರಿ.”

“ಯಾವ ಊರಾಗ ಅದು? ಮಸ್ಕಿಯಾಗೇನು?”

“ನಾ ಯಾಕ ಮಸ್ಕಿಗೆ ಬರ್ಲಿರಿ? ಸಿಂಧನೂರಾಗ, ನಿಮ್ಮ ದವಾಖಾನ್ಯಾಗ. ಕಿಡಕಿ ಮುಂದ ಬೇವಿನ ಗಿಡ ಇತ್ತಲ್ರಿ, ರೋಡ್ ಅಗಲ ಮಾಡೂಮುಂದ ಕಡದ್ರಲ್ಲ, ಅದು ಇನ್ನಾ ಇತ್ತು.”

ದಿನಾ ಕೂರುವ ಕೋಣೆ. ದಿನಾ ನೋಡುವ ಕಿಟಕಿ. ಅವನು ಏನಾದರೂ ಹೇಳುವ ಮೊದಲೇ ಆ ದನಿ ಸಡಗರದಿಂದ ಮುಂದುವರಿಯಿತು. “ಹಲ್ಲು ಬೆಸ್ಟ್ ಐತಿ ನೋಡ್ರಿ. ಕ್ಯಾಪ್ ಸೈತ ಹಾಕ್ಸಲಿಲ್ಲ ನಾ. ಒಂದಿನಾನೂ ನೋವಿಲ್ಲ, ಆ ಹಲ್ಲಿಲೆ ಹುರಿಗಡ್ಲಿ ಕಡೀತೀನಿ. ನಿಮ್ಮ ಹೆಸರು ಹೇಳಿ ಉಣ್ತೀನ್ರೀ. ನಮ್ಮ ಊರಾಗ ಯಾರಿಗೆ ಹಲ್ಲು ಬ್ಯಾನಿ ಬಂದ್ರೂ ನಿಮ್ಮ ಹಂತ್ಯಾಕ ಕಳಸ್ತೀನಿ.”

ಮನಸ್ಸಿಟ್ಟು ತುಂಬಿದ ಹಲ್ಲು ಎದುರಿಗೆ ಕೀವು ಹಿಡಿದು ಕೂತಿದೆ, ಬಿಟ್ಟು ಓಡಿದ ಹಲ್ಲು ಕಡಲೆ ಕಡಿಯುತ್ತಿದೆ. ಇದರಲ್ಲಿ ನ್ಯಾಯ ಯಾವುದೆಂದು ಅವನಿಗೆ ತಿಳಿಯಲಿಲ್ಲ. ನೋವಿಲ್ಲದವಳಿಗೆ ಹೇಳಿ ನೋವು ಮಾಡುವುದೇಕೆ ಎಂಬ ಯೋಚನೆ ಬಂತು. ಅದು ಬಹಳ ಒಳ್ಳೆಯ ಯೋಚನೆಯಾಗಿ ಕಂಡಿತು. ಪತ್ರಿಕೆಯ ಮೇಲೆ ಕ್ಯಾಲೆಂಡರ್ ಇಟ್ಟ ದಿನವೂ ಇಂಥದೇ ಒಂದು ಒಳ್ಳೆಯ ಯೋಚನೆ ಬಂದಿತ್ತು ಎಂದು ನೆನಪಾಯಿತು.

“ಯಾಕ್ರೀ ಡಾಕ್ಟ್ರೇ, ಸುಮ್ಮಕಾದ್ರಿ?”

“ನಾ ತುಂಬಿಲ್ಲವ್ವ” ಎಂದ. ಒಂದು ಗಂಟೆಯ ಹಿಂದೆ ಸರಾಗವಾಗಿ ಬಂದ ಮಾತು ಈಗ ತುಟಿ ದಾಟುವಷ್ಟರಲ್ಲಿ ಸವೆದುಹೋಗಿತ್ತು.

“ಏನಂದ್ರಿ? ಇಲ್ಲಿ ಟ್ರ್ಯಾಕ್ಟರ್ ಸಪ್ಪಳ ಐತಿ, ಕೇಳಂಗಿಲ್ಲ.”

ವಸೀಮಾ ಮೊಬೈಲನ್ನು ಅವನ ಮುಖದ ಹತ್ತಿರ ಹಿಡಿದಳು. ಅವನು ಕಿಟಕಿಯ ಕಡೆ ನೋಡಿದ, ಬೋರ್ಡಿನ ಕಡೆ ನೋಡಿದ. ಕುರ್ಚಿಯಲ್ಲಿದ್ದ ಮಾರೆಮ್ಮ ಮೊಣಕೈ ಊರಿ ಅರ್ಧ ಎದ್ದು ಕೂತು, ತನಗಿಂತ ಎತ್ತರದ ಸ್ಟೂಲಿನ ಮೇಲಿದ್ದ ಅವನ ಮುಖವನ್ನು ಅವನು ರೋಗಿಗಳನ್ನು ನೋಡುವ ಹಾಗೆ ನೋಡಿದಳು.

“ಬಾಯಿ ತೆಗೀರಿ ಸಾಹೇಬ್ರ” ಎಂದಳು.